ನೀಲಿ ಗವಸಿನ ಇನ್ನೊಂದು ತುದಿ

ಕೆಂಪಾಪುರಕ್ಕೆ ಹೋಗಿ ‘ಏರೋಪ್ಲೇನ್ ಸುಟ್ಟ ಮುನಿಯಮ್ಮ’ ಎಂದು ಕೇಳಿದರೆ ಯಾರು ಬೇಕಾದರೂ ಮನೆ ತೋರಿಸುತ್ತಾರೆ. ಮುನಿಯಮ್ಮ ಯಾವ ಏರೋಪ್ಲೇನನ್ನೂ ಸುಡಲಿಲ್ಲ. ಸುಡುವುದಿರಲಿ, ಅದರೊಳಗೆ ಬೆಂಕಿ ಹತ್ತದಿರಲಿ ಎಂದು ಅಂಗೈ ಬಿರಿಯುವ ತನಕ ದುಡಿದವಳು ಅವಳು. ಆ ಹೆಸರು ಅವಳಿಗೆ ಅಂಟಿದ್ದು ನನ್ನಿಂದ. ನಾನು ಹೇಳಿದ ಒಂದು ಸುಳ್ಳಿನಿಂದ — ನೇರವಾಗಿ ಸುಳ್ಳು ಹೇಳುವ ಧೈರ್ಯವೂ ಇಲ್ಲದೆ ‘ನೆನಪಿಲ್ಲ’ ಅಂದುಬಿಟ್ಟೆನಲ್ಲ, ಆ ಮಾತಿನಿಂದ.

ನನಗೆ ನೆನಪಿತ್ತು. ಆ ಕ್ಷಣದಲ್ಲೂ ಇತ್ತು, ಇವತ್ತಿಗೂ ಇದೆ.

ನಾನು ಕೊಡಿಗೇಹಳ್ಳಿಯವಳು, ಹೆಸರು ಲಕ್ಷ್ಮಮ್ಮ. ಲೋವರ್ ಸೆಕೆಂಡರಿ ಪಾಸು ಮಾಡಿದವಳೆಂಬ ಜಂಭ ಆಗಲೂ ಇತ್ತು, ಈಗಲೂ ಸ್ವಲ್ಪ ಉಳಿದಿದೆ. ಮದುವೆಯಾದ ಹೊಸತರಲ್ಲೇ ಗಂಡ ತೀರಿಕೊಂಡ. ತವರಿಗೆ ಬಂದು ಬಿದ್ದೆ. ಅಪ್ಪ ಮೊದಲೇ ಹೋಗಿದ್ದ. ಮನೆಯಲ್ಲಿ ಅವ್ವ, ತಂಗಿ ಕಮಲ, ನಾನು. ರಾಜ್ಯ ಒಂದಾದ ಹೊಸತು ಅದು. ಹೆಬ್ಬಾಳದ ಕೆರೆ ಏರಿಗಿಂತ ಸ್ವಲ್ಪ ಈಚೆ ಒಂದು ದೊಡ್ಡ ತಗಡಿನ ಶೆಡ್ಡಿತ್ತು. ಬಸ್ಸಿನ ಸೀಟು, ಸಿನಿಮಾ ಟಾಕೀಸಿನ ಕುರ್ಚಿ, ಇಂಥವಕ್ಕೆ ಮೆತ್ತೆ ತುಂಬಿ ಗವಸು ಹೊಲಿದು ಕೊಡುವ ಕಾರ್ಖಾನೆ. ನಾನು ಅಲ್ಲಿ ಹೊಲಿಗೆ ಮೆಷಿನ್ನಿನ ಮುಂದೆ ಕೂರುವ ಹೊತ್ತಿಗೆ ಅವರಿಗೆ ವಿಮಾನದ ಕೆಲಸವೂ ಸಿಕ್ಕಿತ್ತು.

ವಿಮಾನದ ಕೆಲಸ ಅಂದರೆ ನಾವೇನೂ ರೆಕ್ಕೆ ಕಟ್ಟುತ್ತಿರಲಿಲ್ಲ. ಊರಿನ ಆ ಕೊನೆಯ ವಿಮಾನ ನಿಲ್ದಾಣದಿಂದ ಡಕೋಟಾ ವಿಮಾನಗಳ ಸೀಟುಗಳು ಲಾರಿಯಲ್ಲಿ ಬರುತ್ತಿದ್ದವು. ಯುದ್ಧದಲ್ಲಿ ಸಿಪಾಯಿಗಳನ್ನೂ ಸಾಮಾನನ್ನೂ ಹೊತ್ತ ವಿಮಾನಗಳಂತೆ. ಯುದ್ಧ ಮುಗಿದ ಮೇಲೆ ಒಳಗೆ ಮೆತ್ತನೆ ಸೀಟು, ಕಿಟಕಿಗೆ ಪರದೆ, ನೆಲಕ್ಕೆ ಜಮಖಾನ ಹಾಕಿಸಿಕೊಂಡು ಸಾಹುಕಾರರನ್ನು ಕೂರಿಸಿಕೊಂಡು ಹಾರುತ್ತಿದ್ದವು. ಸೀಟಿನ ಚೌಕಟ್ಟು ಹಗುರ, ಒಂದು ಕೈಲಿ ಎತ್ತಬಹುದು. ಒಳಗೆ ತೆಂಗಿನ ನಾರು, ಅದರ ಮೇಲೆ ಕುದುರೆ ಕೂದಲು. ಕೂತೂ ಕೂತೂ ಅದು ಹಪ್ಪಳವಾಗಿರುತ್ತಿತ್ತು. ಅದನ್ನು ಬಿಡಿಸಿ ಬಿಸಿಲಿಗೆ ಹಾಕಿ ಕೋಲಿನಲ್ಲಿ ಬಡಿದರೆ ಮತ್ತೆ ಉಬ್ಬುತ್ತಿತ್ತು.

ನಮ್ಮಲ್ಲಿ ಒಬ್ಬರೂ ವಿಮಾನ ಹತ್ತಿದವರಲ್ಲ. ಆದರೆ ಹಳೇ ಗವಸು ಬಿಚ್ಚುವಾಗ ಒಳಗಿನ ಸಮಾಚಾರವೆಲ್ಲ ತಿಳಿಯುತ್ತಿತ್ತು. ತಲೆ ಒರಗುವ ಬಿಳಿ ಬಟ್ಟೆಯಲ್ಲಿ ಎಣ್ಣೆಯ ಕಲೆ, ಸಂದಿಯಲ್ಲಿ ಹೇರ್‌ಪಿನ್ನು, ಪೆಪ್ಪರಮೆಂಟಿನ ಕಾಗದ, ಯಾರೋ ಪಾಪ ವಾಂತಿ ಮಾಡಿಕೊಂಡ ಗುರುತು. ಎಲ್ಲಕ್ಕಿಂತ ಹೆಚ್ಚಾಗಿ ಸಿಗರೇಟಿನ ತೂತು. ವಿಮಾನದಲ್ಲಿ ಸಿಗರೇಟು ಸೇದಬಹುದಿತ್ತು. ಕೈ ಊರುವ ಕಡೆಯಲ್ಲೇ ಬೂದಿ ಕೊಡವಲು ಪುಟ್ಟ ಡಬ್ಬಿ ಇಟ್ಟಿರುತ್ತಿದ್ದರು. ಆದರೂ ಕಿಡಿ ಬಟ್ಟೆಗೆ ಬೀಳುತ್ತಿತ್ತು. ಬಿದ್ದಲ್ಲಿ ಕರ್ರಗೆ ಒಂದು ತೂತಾಗಿ ಅಲ್ಲೇ ಆರಿಹೋಗಿರುತ್ತಿತ್ತು. ಹಾಗೆ ಆರುವುದಕ್ಕೆ ಕಾರಣ ಮುನಿಯಮ್ಮನ ಉಪ್ಪುನೀರು.

ಶೆಡ್ಡಿನ ಹಿಂದುಗಡೆ ಒಂದು ಸಿಮೆಂಟಿನ ತೊಟ್ಟಿ. ಅದರಲ್ಲಿ ಬಿಸಿನೀರಿಗೆ ಬಿಳಿಗಾರವನ್ನೂ ಇನ್ನೊಂದು ಬಿಳೀ ಪುಡಿಯನ್ನೂ ಕರಗಿಸಿ, ಹೊಲಿದ ಗವಸುಗಳನ್ನು ಅದ್ದಿ, ಹಿಂಡಿ, ನೆರಳಲ್ಲಿ ಒಣಗಿಸಬೇಕು. ಒಣಗಿದ ಮೇಲೆ ಬಟ್ಟೆ ಸ್ವಲ್ಪ ಬಿರುಸಾಗುತ್ತಿತ್ತು, ಮೇಲೆ ಬೂದಿಯಂಥ ಪುಡಿ ಕೂರುತ್ತಿತ್ತು. ಆ ಬಟ್ಟೆಗೆ ಕಡ್ಡಿ ಗೀರಿ ಹಿಡಿದರೆ ಹಿಡಿದಷ್ಟು ಹೊತ್ತು ಕರಕಲಾಗಿ, ಕಡ್ಡಿ ತೆಗೆದೊಡನೆ ಬೆಂಕಿ ತಾನೇ ಆರುತ್ತಿತ್ತು. ಒಂದೇ ತೊಡಕು. ಆ ಗವಸನ್ನು ಆಮೇಲೆ ಯಾರಾದರೂ ನೀರಲ್ಲಿ ಒಗೆದರೆ ಉಪ್ಪೆಲ್ಲ ಬಿಟ್ಟುಹೋಗುತ್ತದೆ. ಮತ್ತೆ ಅದ್ದಬೇಕು. ಇದು ಶೆಡ್ಡಿನಲ್ಲಿ ಎಲ್ಲರಿಗೂ ಗೊತ್ತಿತ್ತು, ನನಗೂ ಚೆನ್ನಾಗಿ ಗೊತ್ತಿತ್ತು. ಇದನ್ನು ನೀವು ದಯವಿಟ್ಟು ನೆನಪಿಟ್ಟುಕೊಳ್ಳಿ.

ತೊಟ್ಟಿಯ ಕೆಲಸ ಮುನಿಯಮ್ಮನದು. ನನಗಿಂತ ದೊಡ್ಡವಳು, ನಾನು ಅಕ್ಕ ಅನ್ನುತ್ತಿದ್ದೆ. ಅವಳ ಗಂಡ ಗಾರೆ ಕೆಲಸದಲ್ಲಿ ಸಾರುವೆಯಿಂದ ಬಿದ್ದು ನಡ ಮುರಿದುಕೊಂಡು ಮನೆಯಲ್ಲಿದ್ದ. ಸಂಸಾರವೆಲ್ಲ ಇವಳ ಮೇಲೆ. ಒದ್ದೆ ಗವಸು ಒಬ್ಬರ ಕೈಗೆ ಬಗ್ಗುವಂಥದ್ದಲ್ಲ. ಅದ್ದುವ ದಿನ ಇನ್ನೊಂದು ತುದಿ ಹಿಡಿಯಲು ಅವಳು ನನ್ನನ್ನೇ ಕೂಗುತ್ತಿದ್ದಳು. ಅವಳು ಬಲಕ್ಕೆ ತಿರುಚಿದರೆ ನಾನು ಎಡಕ್ಕೆ. ನೀರು ಕಾಲ ಮೇಲೆ ಧಾರೆಯಾಗಿ ಸುರಿಯುತ್ತಿತ್ತು. ಹಿಂಡುತ್ತಾ ಎಷ್ಟು ಮಾತಾಡುತ್ತಿದ್ದೆವು! ತಲೆಯ ಮೇಲೆ ವಿಮಾನದ ಸದ್ದು ಕೇಳಿದರೆ ಅವಳು ಬಟ್ಟೆ ಬಿಡದೆ ಕತ್ತೆತ್ತಿ ನೋಡಿ, ಅದರೊಳಗೆ ನಮ್ಮ ಬಟ್ಟೆ ಇದ್ದರೂ ಇರಬಹುದು ಅನ್ನುತ್ತಿದ್ದಳು. ಒಳಗೆ ಕೂತವರು ನಿಶ್ಚಿಂತೆಯಾಗಿ ನಿದ್ದೆ ಮಾಡುತ್ತಿದ್ದಾರೆಂದು ಅವಳಿಗೆ ಖುಷಿ. ನಾನು ನಗುತ್ತಿದ್ದೆ. ಅವರು ನಮ್ಮನ್ನು ಕನಸಲ್ಲೂ ನೆನೆಯುವುದಿಲ್ಲ ಅಂತ ಅವಳನ್ನು ರೇಗಿಸುತ್ತಿದ್ದೆ.

ಈಗ ಮನೆಯ ವಿಷಯ ಹೇಳಬೇಕು. ಹೇಳಿದರೆ ನೆಪ ಹೂಡಿದ ಹಾಗಾಗುತ್ತದೆ, ಹೇಳದಿದ್ದರೆ ನಿಮಗೆ ಅರ್ಥವಾಗುವುದಿಲ್ಲ. ಕಮಲನನ್ನು ನೋಡಲು ಬಂದ ಗಂಡುಗಳು ಬಂದ ಹಾಗೇ ಹೋಗುತ್ತಿದ್ದರು. ಹುಡುಗಿಯಲ್ಲಿ ಕೊರತೆ ಇರಲಿಲ್ಲ. ಮನೆಯಲ್ಲಿ ಗಂಡಸಿಲ್ಲ, ವಿಧವೆ ಮಗಳೊಬ್ಬಳು ಬಂದು ಕೂತಿದ್ದಾಳೆ, ಕೂರಿಸಲು ಒಂದು ನೆಟ್ಟಗಿನ ಕುರ್ಚಿಯಿಲ್ಲ. ಹಿಂದಿನ ಸಲವಂತೂ ಗಂಡಿನ ಸೋದರಮಾವ ನಮ್ಮ ಬೆಂಚಿನಿಂದ ಏಳುವಾಗ ಪಂಚೆ ಮೊಳೆಗೆ ಸಿಕ್ಕಿ ಪರ್ರನೆ ಹರಿಯಿತು. ಒಳಗಿದ್ದ ಕಮಲ ಕಿಸಕ್ಕೆಂದು ನಕ್ಕಳು. ಆ ಸಂಬಂಧ ಅಲ್ಲಿಗೇ ಮುಗಿಯಿತು. ಅವ್ವ ಆ ಮೊಳೆಯನ್ನು ಕಲ್ಲಿನಿಂದ ಕುಟ್ಟುತ್ತಾ ಅತ್ತಳು.

ಆಮೇಲೆ ಬಾಗಲೂರಿನ ಸಂಬಂಧ ಬಂತು. ಒಳ್ಳೆಯ ಮನೆತನ, ಹುಡುಗ ಸಾಧು. ಭಾನುವಾರ ಬರುತ್ತೇವೆಂದು ಹೇಳಿ ಕಳಿಸಿದರು. ಇಂಥ ದಿನಕ್ಕೆ ಎರವಲು ತರುವುದು ನಮ್ಮ ಕಡೆ ನಾಚಿಕೆಯ ಸಂಗತಿಯೇನಲ್ಲ. ಶಾನುಭೋಗರ ಮನೆಯಿಂದ ಪಿಂಗಾಣಿ ಬಟ್ಟಲು, ಇನ್ನೊಬ್ಬರಿಂದ ಸರ, ಮತ್ತೊಬ್ಬರಿಂದ ತಟ್ಟೆ. ಎಲ್ಲರೂ ತರುತ್ತಾರೆ, ಎಲ್ಲರೂ ಕೊಡುತ್ತಾರೆ. ಆದರೆ ಬೆಂಚಿಗೇನು ಹಾಸುವುದು? ಶನಿವಾರ ಸಂಜೆ ಶೆಡ್ಡಿನಲ್ಲಿ, ಅದ್ದಿ ಒಣಗಿಸಿ ಮಡಿಸಿಟ್ಟ ಗವಸುಗಳ ರಾಶಿಯ ಮುಂದೆ ನಿಂತಾಗ ಅದು ಕಣ್ಣಿಗೆ ಬಿತ್ತು — ಜೋಡಿ ಸೀಟಿನ ಉದ್ದನೆಯ ಗವಸು, ದಟ್ಟ ನೀಲಿ ಬಣ್ಣ, ಅಂಚಿಗೆ ಬಿಳೀ ದಾರದ ಹೊಲಿಗೆ, ಆ ಹೊಲಿಗೆ ನಾನೇ ಹಾಕಿದ್ದು. ಎರವಲು ತಾನೇ, ಸೋಮವಾರ ತಂದಿಟ್ಟರಾಯಿತು ಅಂದುಕೊಂಡೆ. ಮನೆಗೆ ಒಯ್ಯಲು ಬಿಡುತ್ತಿದ್ದ ಚಿಂದಿ ಬಟ್ಟೆಯ ಕೆಳಗೆ ಅದನ್ನಿಟ್ಟು ಚೀಲ ಕಟ್ಟಿದೆ. ಕೇಳಿಕೊಂಡು ತಂದರೆ ಎರವಲು. ಕೇಳದೆ ತಂದದ್ದಕ್ಕೆ ಏನನ್ನುತ್ತಾರೆಂದು ಲೋವರ್ ಸೆಕೆಂಡರಿ ಪಾಸಾದವಳಿಗೆ ಗೊತ್ತಿರಲಿಲ್ಲವೇ?

ಮುನಿಯಮ್ಮನಿಗೆ ಹೇಳಲಿಲ್ಲ. ಗಂಡು ಬರುವ ಸುದ್ದಿಯನ್ನೇ ಹೇಳಿರಲಿಲ್ಲ. ಮಾತು ಗಟ್ಟಿಯಾಗುವ ತನಕ ಹೊರಗೆ ಬಾಯಿ ಬಿಡಬಾರದು, ಕಣ್ಣು ತಾಗುತ್ತದೆ ಎಂದು ಅವ್ವನ ಕಟ್ಟಪ್ಪಣೆ. ಹೊರಟಾಗ ಮುನಿಯಮ್ಮ ಎಂದಿನಂತೆ, ಕಮಲಂಗೆ ಎಲ್ಲಾದ್ರೂ ಗೊತ್ತಾಯ್ತಾ ಅಂತ ಕೇಳಿದಳು. ಇಲ್ಲಕ್ಕ ಅಂದೆ. ಕಂಕುಳಲ್ಲಿ ಚೀಲವಿತ್ತು.

ಭಾನುವಾರ ನಾನು ಅಡುಗೆಮನೆಯ ಬಾಗಿಲ ಹಿಂದೆಯೇ ಇದ್ದೆ. ಗಂಡ ಸತ್ತವಳು ಇಂಥ ಹೊತ್ತಲ್ಲಿ ಎದುರಿಗೆ ಬರುವ ಹಾಗಿಲ್ಲ. ಅಕ್ಕನ ಸ್ಥಾನದಲ್ಲಿ ಆ ದಿನ ಹೊರಗೆ ಕೂತದ್ದು ಆ ಗವಸೇ ಅನ್ನಿ. ಬೆಂಚಿಗೆ ಅಳತೆ ಕೊಟ್ಟು ಹೊಲಿಸಿದಂತೆ ಕೂತಿತ್ತು. ಹುಡುಗನ ತಾಯಿ ನಂಜಮ್ಮನವರು ಕೂತವರೇ ಬಟ್ಟೆಯ ಮೇಲೆ ಅಂಗೈ ಆಡಿಸಿದರು. ಆಡಿಸಿ ತಮ್ಮ ನಾದಿನಿಯ ಕಡೆ ನೋಡಿದರು. ಸಂದಿಯಿಂದ ಆ ನೋಟ ನೋಡಿದ ನನಗೆ ಉಸಿರು ಬಂತು. ಕಾಫಿ ಕುಡಿದರು, ಕಮಲನನ್ನು ಮಾತಾಡಿಸಿದರು, ಹೊರಡುವಾಗ ಅವ್ವನ ಕೈ ಹಿಡಿದು ಮುಂದಿನ ವಾರವೇ ಹೂ ಮುಡಿಸುತ್ತೇವೆ ಅಂದರು. ಗವಸಿನ ಮೇಲೆ ಒಂದು ತೊಟ್ಟು ಕಾಫಿಯೂ ಬಿದ್ದಿರಲಿಲ್ಲ. ಅಷ್ಟೊಂದು ಸಂತೋಷ ನನಗೆ ನನ್ನ ಮದುವೆಯಲ್ಲೂ ಆಗಿರಲಿಲ್ಲ.

ನಾನು ಬಟ್ಟಲುಗಳನ್ನು ತೊಳೆದು ಒರೆಸಿ ಶಾನುಭೋಗರ ಮನೆಗೆ ಕೊಡಲು ಹೋದೆ. ಅಲ್ಲಿ ಮಾತಿಗೆ ಕೂತೆ. ತಿರುಗಿ ಬರುವಾಗ ದೂರದಿಂದಲೇ ಕಂಡಿತು, ನಮ್ಮ ಬೇಲಿಯ ಮೇಲೆ ಗವಸು ಹರಡಿತ್ತು. ನೀರು ತೊಟ್ಟಿಕ್ಕುತ್ತಿತ್ತು.

ಅವ್ವ ಅಂಟುವಾಳದ ನೊರೆ ಕೈಲೇ ಹೊರಗೆ ಬಂದಳು. ನನ್ನ ಮುಖ ನೋಡಿ ಅವಳಿಗೇ ಆಶ್ಚರ್ಯ.

“ಯಾರ್ದೋ ಮನೆ ಬಟ್ಟೆ, ಒಗೀದೆ ಕೊಡ್ತಾರೇನೆ? ಮೈಯೆಲ್ಲಾ ಬೂದಿ ಬೂದಿ ಇತ್ತು. ಈಗ ನೋಡು, ಎಂಗೈತೆ.”

ಏನು ಹೇಳಲಿ ಅವಳಿಗೆ? ತಂದ ಬಟ್ಟಲನ್ನು ನಾನು ತೊಳೆದು ಕೊಟ್ಟು ಬಂದಿದ್ದೆ. ತಂದ ಬಟ್ಟೆಯನ್ನು ಅವಳು ಒಗೆದಿದ್ದಳು. ಅವಳೇ ನನಗೆ ಕಲಿಸಿದ ಬುದ್ಧಿ ಅದು. ಮೂರು ಸಲ ನೀರು ಬದಲಾಯಿಸಿ ಜಾಲಿಸಿದೆ ಅಂತ ಹೆಮ್ಮೆಯಿಂದ ಹೇಳಿದಳು. ಉಪ್ಪಿನ ಒಂದು ಕಣವೂ ಉಳಿದಿರಲಾರದು ಅಂತ ನನಗೆ ಗೊತ್ತಾಯಿತು. ಮಾರನೆಯ ಬೆಳಿಗ್ಗೆ ಇಸ್ತ್ರಿ ಮಾಡಿದಾಗ ಗವಸು ಎಷ್ಟು ಚೆನ್ನಾಗಿತ್ತೆಂದರೆ... ಮೆದುವಾಗಿ, ಕಡುನೀಲಿಯಾಗಿ, ರಾಶಿಯಲ್ಲಿದ್ದ ಬೇರೆ ಯಾವುದೂ ಅದರ ಮುಂದೆ ನಿಲ್ಲುವಂತಿರಲಿಲ್ಲ.

ಒಂದು ಮಾತು ಸಾಕಿತ್ತು. ಇದನ್ನು ಎಷ್ಟು ಸಲ ನನಗೆ ನಾನೇ ಹೇಳಿಕೊಂಡಿದ್ದೇನೋ. ಸೋಮವಾರ ಬೆಳಿಗ್ಗೆ ತೊಟ್ಟಿ ಅಲ್ಲೇ ಇತ್ತು, ತೊಟ್ಟಿಯಲ್ಲಿ ನೀರಿತ್ತು, ಮುನಿಯಮ್ಮ ಇದ್ದಳು. ಅಕ್ಕ, ಹೀಗಾಯ್ತು, ಇದೊಂದನ್ನ ಇನ್ನೊಂದು ಸಲ ಅದ್ದೋಣ — ಇಷ್ಟೇ. ಅವಳು ಬೈಯುತ್ತಿದ್ದಳು, ಖಂಡಿತ. ಹಿಂದೆ ಒಬ್ಬ ಹುಡುಗಿ ಮಳೆಗೆ ವಿಮಾನದ ಪರದೆಯನ್ನು ತಲೆಗೆ ಹೊದ್ದಳೆಂದು ಅವಳಿಗೆ ನೀರಿಳಿಸಿದ್ದಳು. ಬೈದು ಅದ್ದುತ್ತಿದ್ದಳು, ಅಷ್ಟೆ. ನಾನು ಬೈಗುಳಕ್ಕೆ ಹೆದರಿದೆನೋ, ಕಳ್ಳಿ ಅನ್ನಿಸಿಕೊಳ್ಳುವುದಕ್ಕೋ, ಗಂಡು ಬಂದ ಸುದ್ದಿಯನ್ನೇ ಅವಳಿಂದ ಮುಚ್ಚಿಟ್ಟೆ ಎನ್ನುವ ನಾಚಿಕೆಗೋ — ಗೊತ್ತಿಲ್ಲ. ಯಾರೂ ಇಲ್ಲದಾಗ ಗವಸನ್ನು ರಾಶಿಯ ಮಧ್ಯಕ್ಕೆ ತೂರಿಸಿದೆ. ಮಧ್ಯಾಹ್ನ ಎಲ್ಲರೂ ಊಟಕ್ಕೆ ಹೋದಾಗ ನಾನೊಬ್ಬಳೇ ತೊಟ್ಟಿಗೆ ಅದ್ದಿಬಿಡುತ್ತೇನೆ, ಹೇಗೋ ಹಿಂಡುತ್ತೇನೆ ಎಂದು ಲೆಕ್ಕ ಹಾಕಿದೆ.

ಮಧ್ಯಾಹ್ನ ಮುನಿಯಮ್ಮ ಬುತ್ತಿ ಹಿಡಿದು ನನ್ನ ಮೆಷಿನ್ನಿನ ಹತ್ತಿರವೇ ಬಂದು ಕೂತಳು. ಬಸಳೆಸೊಪ್ಪಿನ ಸಾರು, ಮುದ್ದೆ. ಮುಖ ಯಾಕೋ ಬಾಡಿದೆ, ಉಣ್ಣು ಅಂತ ತನ್ನ ಮುದ್ದೆಯಲ್ಲಿ ಅರ್ಧ ಮುರಿದು ಕೊಟ್ಟಳು. ನುಂಗಿದೆ. ಆಗಲಾದರೂ ಹೇಳಬಹುದಿತ್ತು. ನಾನು ಅವಳ ಹಿಂದಿದ್ದ ರಾಶಿಯನ್ನೇ ನೋಡುತ್ತಾ ಸಾರು ಚೆನ್ನಾಗಿದೆ ಅಂದೆ.

ಊಟ ಮುಗಿಯುವಷ್ಟರಲ್ಲಿ ವಿಮಾನದ ಕಂಪನಿಯ ಇನ್‌ಸ್ಪೆಕ್ಟರ ಜೀಪು ಬಂತು. ಅವರು ಬರಬೇಕಾದದ್ದು ಗುರುವಾರ. ಬೇಗ ಬೇಕಾಗಿದೆಯಂತೆ, ವಿಮಾನ ಖಾಲಿ ಹೊಟ್ಟೆಯಲ್ಲಿ ನಿಂತಿದೆಯಂತೆ.

ಪ್ರತಿ ಗವಸಿನ ಒಳ ಅಂಚಿನಲ್ಲೂ ಪರೀಕ್ಷೆಗೆಂದೇ ಒಂದು ಪಟ್ಟಿಯಷ್ಟು ಬಟ್ಟೆ ಹೆಚ್ಚಿಗೆ ಬಿಟ್ಟಿರುತ್ತಿದ್ದೆವು. ಇನ್‌ಸ್ಪೆಕ್ಟರು ರಾಶಿಯಲ್ಲಿ ಕೈಗೆ ಬಂದ ಒಂದೆರಡನ್ನು ಎಳೆದು, ಆ ಪಟ್ಟಿ ಕತ್ತರಿಸಿ, ಕಡ್ಡಿ ಗೀರಿ ಹಿಡಿಯುತ್ತಿದ್ದರು. ಅಷ್ಟು ದೊಡ್ಡ ರಾಶಿಯಲ್ಲಿ ಅದೇ ಯಾಕೆ ಸಿಗಬೇಕು ಎಂದು ನಾನು ಧೈರ್ಯ ತಂದುಕೊಂಡಿದ್ದೆ. ಅವರು ಮೇಲಿನದೊಂದನ್ನು ಸುಟ್ಟು ನೋಡಿದರು, ಆರಿತು. ಆಮೇಲೆ ರಾಶಿಯ ಬದಿಯಲ್ಲಿ ಕೈ ಆಡಿಸುತ್ತಾ ಹೋದರು. ಒರಟು, ಒರಟು, ಒರಟು. ಒಂದು ಕಡೆ ಕೈ ನಿಂತಿತು. ಅವ್ವ ಅಷ್ಟು ಚೆನ್ನಾಗಿ ಒಗೆಯದೇ ಇದ್ದಿದ್ದರೆ ಆ ಕೈ ಅಲ್ಲಿ ನಿಲ್ಲುತ್ತಿರಲಿಲ್ಲ. ಇದು ತುಂಬಾ ಚೆನ್ನಾಗಿದೆಯಲ್ಲ ಅನ್ನುತ್ತಾ ಎಳೆದರು.

ಪಟ್ಟಿಗೆ ಕಡ್ಡಿ ತಾಗಿಸಿದರು. ಕಡ್ಡಿ ತೆಗೆದರು. ಬೆಂಕಿ ಆರಲಿಲ್ಲ. ಬುಗ್ಗೆಂದು ಮೇಲಕ್ಕೇರಿ ಬೆರಳು ಮುಟ್ಟಿತು; ಅವರು ಪಟ್ಟಿಯನ್ನು ಕೆಳಗೆ ಬಿಟ್ಟು ಬೂಟಿನಲ್ಲಿ ತುಳಿದರು. ಸುಟ್ಟ ಬಟ್ಟೆಯ ವಾಸನೆಯ ಜೊತೆ ತೆಳ್ಳಗೆ ಅಂಟುವಾಳದ ವಾಸನೆ ಬಂದಂತಾಯಿತು. ನನಗೊಬ್ಬಳಿಗೇ ಬಂದಿರಬೇಕು.

ಮೇಸ್ತ್ರಿ ದೊರೆಸ್ವಾಮಿ ಕೆಟ್ಟವನಲ್ಲ. ಆದರೆ ಆ ಹೊತ್ತು ಅವನ ಮುಖದಲ್ಲಿ ರಕ್ತ ಇರಲಿಲ್ಲ. ಇದು ಹಾರುವಾಗ ಒಬ್ಬ ಸಿಗರೇಟು ಬೀಳಿಸಿದ್ದರೆ ಅಷ್ಟೂ ಜನರ ಗತಿಯೇನು ಎಂದು ಇನ್‌ಸ್ಪೆಕ್ಟರು ಕೇಳಿದ್ದರು. ಜೋರಾಗಿ ಕೂಡ ಅಲ್ಲ. ಮೇಸ್ತ್ರಿ ಮುನಿಯಮ್ಮನನ್ನು ಕರೆದ.

“ಇದನ್ನ ಅದ್ದಿದ್ಯಾ ಇಲ್ವಾ?”

“ಅದ್ದಿವ್ನಿ ಸ್ವಾಮಿ. ಒಂದೂ ಬಿಟ್ಟಿಲ್ಲ.” ಅವಳಿಗೆ ಇನ್ನೂ ಭಯವಾಗಿರಲಿಲ್ಲ, ಬರೀ ಗೊಂದಲ. ತಿರುಗಿ ನನ್ನ ಕಡೆ ಕೈ ತೋರಿಸಿದಳು. “ಆ ತುದಿ ಇಡ್ಕಂಡು ಇಂಡಿದ್ದು ಲಚ್ಮೀನೇ. ಕೇಳಿ ಬೇಕಾರೆ. ಯೋಳು ಲಚ್ಮಿ.”

ಎಲ್ಲರೂ ನನ್ನನ್ನು ನೋಡಿದರು. ಅದನ್ನು ಹಿಂಡಿದ್ದು ನನ್ನ ಕಣ್ಣ ಮುಂದೇ ಇತ್ತು. ಆವತ್ತು ಕೊನೆಯದಾಗಿ ಹಿಂಡಿದ್ದು ಅದನ್ನೇ, ಬೇರೆಯದಕ್ಕಿಂತ ಉದ್ದ, ನೀರು ಹೀರಿ ಭಾರವಾಗಿತ್ತು, ತಿರುಚುವಾಗ ನನ್ನ ಕೈಯಿಂದ ಜಾರಿ ಮುನಿಯಮ್ಮ ಹಿಂದಕ್ಕೆ ಮುಗ್ಗರಿಸಿ ಕೂತು, ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದೆವು. ಹಿಂಡಿದ್ದು ನಿಜ ಅಂದರೆ, ಮತ್ತೆ ಉಪ್ಪು ಎಲ್ಲಿ ಹೋಯಿತು ಅನ್ನುತ್ತಾರೆ. ಒಗೆದವರು ಯಾರು ಅನ್ನುತ್ತಾರೆ. ನನ್ನ ಮನೆ, ನನ್ನ ಬೇಲಿ, ನನ್ನ ಚೀಲ. ಬಾಗಲೂರಿಗೆ ಸುದ್ದಿ ಹೋಗಲು ಎಷ್ಟು ಹೊತ್ತು? ಕದ್ದ ಬಟ್ಟೆಯ ಮೇಲೆ ಕೂರಿಸಿ ಹೆಣ್ಣು ತೋರಿಸಿದರು...

“ಇದನ್ನ ಹಿಂಡಿದ ನೆನಪಿಲ್ಲ ನಂಗೆ” ಅಂದೆ.

ಮುನಿಯಮ್ಮ ಏನೂ ಹೇಳಲಿಲ್ಲ. ಅವಳು ಆಣೆ ಇಟ್ಟಿದ್ದರೆ, ಬೈದಿದ್ದರೆ, ನನ್ನ ಜುಟ್ಟು ಹಿಡಿದಿದ್ದರೆ — ನಾನು ನಿಜ ಬಾಯಿಬಿಡುತ್ತಿದ್ದೆನೇನೋ ಎಂದು ಎಷ್ಟೋ ಕಾಲ ನನಗೆ ನಾನೇ ಹೇಳಿಕೊಂಡೆ. ಅದೂ ಸುಳ್ಳು. ತಪ್ಪನ್ನು ಅವಳ ಮೌನಕ್ಕೆ ಕಟ್ಟುವ ಉಪಾಯ ಅದು. ಅವಳು ನನ್ನನ್ನು ನೋಡಿದಳು. ಆಮೇಲೆ ತನ್ನ ಅಂಗೈಗಳನ್ನು ನೋಡಿಕೊಂಡಳು. ನಿಜವಾಗಿಯೂ ತಾನೇ ಮರೆತೆನೇನೋ ಎಂಬ ಅನುಮಾನ ಅವಳಿಗೇ ಬಂದಿತ್ತು. ನಾನು ಮಾಡಿದ್ದರಲ್ಲಿ ಅದಕ್ಕಿಂತ ಹೊಲಸು ಇನ್ನೊಂದಿಲ್ಲ. ಆ ಸಂಜೆಯೇ ಅವಳನ್ನು ಕೆಲಸದಿಂದ ತೆಗೆದರು. ಗವಸುಗಳನ್ನೆಲ್ಲ ಮತ್ತೆ ಅದ್ದಬೇಕಾಯಿತು. ಅನುಭವ ಇರುವವಳು ಅಂತ ಮೇಸ್ತ್ರಿ ತೊಟ್ಟಿಯ ಕೆಲಸವನ್ನು ನನಗೇ ಒಪ್ಪಿಸಿದ.

ಕೆಂಪಾಪುರಕ್ಕೆ ಸುದ್ದಿ ಹೋಗುವಾಗ ಬೆಳೆಯುತ್ತಾ ಹೋಯಿತು. ಪಟ್ಟಿ ಸುಟ್ಟದ್ದು ಗವಸು ಸುಟ್ಟಂತಾಯಿತು, ಗವಸು ಸುಟ್ಟದ್ದು ವಿಮಾನವೇ ಸುಟ್ಟಂತಾಯಿತು. ಮಕ್ಕಳು ಅವಳ ಹಿಂದೆ ಬಾಯಲ್ಲಿ ವಿಮಾನದ ಸದ್ದು ಮಾಡುತ್ತಾ ಓಡುತ್ತಿದ್ದರಂತೆ. ಬೇರೆ ಕಡೆ ಕೆಲಸ ಕೇಳಿದರೆ, ನೀನೇ ಅಲ್ಲವಾ ಅವಳು ಅಂತ ಕೇಳುತ್ತಿದ್ದರಂತೆ. ಅವಳು ಕೆರೆಯಂಗಳದಲ್ಲಿ ಹುಲ್ಲು ಕೊಯ್ದು ಯಶವಂತಪುರದ ಗಾಡಿಯವರಿಗೆ ಮಾರತೊಡಗಿದಳು. ತಲೆಯ ಮೇಲೆ ಹುಲ್ಲಿನ ಹೊರೆ ಇರುವಾಗ ಕತ್ತೆತ್ತಿ ಆಕಾಶ ನೋಡಲು ಆಗುವುದಿಲ್ಲ. ದಾರಿಯಲ್ಲಿ ಎದುರಾದರೆ ನಾನು ಗಲ್ಲಿಗೆ ತಿರುಗುತ್ತಿದ್ದೆ.

ಕಮಲನ ಮದುವೆಗೆ ಅವ್ವ ಮುನಿಯಮ್ಮನನ್ನು ಕರೆದಿದ್ದಳು. ಅವ್ವನಿಗೆ ಏನೂ ಗೊತ್ತಿರಲಿಲ್ಲ. ಬರಲಾರಳು ಎಂದುಕೊಂಡೆ, ಬಂದಳು. ಒಗೆದ ಸೀರೆ ಉಟ್ಟು, ಒಂದು ಕುಕ್ಕೆ ಹೂ ತಂದು, ಹೆಂಗಸರ ಸಾಲಿನಲ್ಲಿ ಕೂತಳು. ನಾನು ಪಾತ್ರೆಗಳ ಹಿಂದೆ ನಿಂತಿದ್ದೆ. ಬೀಗಗಿತ್ತಿ ನಂಜಮ್ಮನವರು ಸುತ್ತಲೂ ಕಣ್ಣಾಡಿಸಿ, ಎಲ್ಲರ ಎದುರಿಗೆ ಅವ್ವನನ್ನು ಕೇಳಿದರು: ಹೆಣ್ಣು ನೋಡಲು ಬಂದಾಗ ಬೆಂಚಿಗೊಂದು ನೀಲಿ ಬಟ್ಟೆ ಹಾಸಿದ್ದಿರಲ್ಲ, ಅಂಚಿಗೆ ಬಿಳೀ ಹೊಲಿಗೆ, ಎಂಥಾ ಚೆಂದದ ಬಟ್ಟೆ, ಅದೆಲ್ಲಿ ಹೋಯಿತು?

ಅವ್ವ ತಡವರಿಸಿದಳು. ಮುನಿಯಮ್ಮ ತಟ್ಟನೆ ತಲೆಯೆತ್ತಿ, ಸಾಲಿನ ಆಚೆಯಿಂದ ನನ್ನನ್ನು ನೋಡಿದಳು. ನೀಲಿ, ಬಿಳೀ ಹೊಲಿಗೆ, ಬೆಂಚು — ಅವಳ ಕಣ್ಣಲ್ಲಿ ಒಂದೊಂದೇ ಕೂಡಿಕೊಳ್ಳುವುದನ್ನು ನಾನು ಕಂಡೆ. ಅವಳು ಒಂದು ಮಾತಾಡಿದ್ದರೆ ಅಲ್ಲಿಗೆ ಮುಗಿದಿತ್ತು. ಆಡುವ ಹಕ್ಕು ಅವಳಿಗಿತ್ತು.

“ಅದು ನಮ್ಮನೇದು ಕಣಮ್ಮ” ಅಂದಳು ಮುನಿಯಮ್ಮ. “ಎರವಲು ಕೊಟ್ಟಿದ್ದೆ. ವಾಪಸ್ ತಗಂಡೋದೆ.”

ನಂಜಮ್ಮನವರು ನಕ್ಕು, ಇಂಥ ನೆರೆಹೊರೆ ಸಿಗಬೇಕಲ್ಲ ಅಂದರು. ಮುನಿಯಮ್ಮ ತಲೆ ತಗ್ಗಿಸಿ ಉಂಡಳು. ತಾಂಬೂಲ ತೆಗೆದುಕೊಂಡು, ನನ್ನ ಹತ್ತಿರ ನಿಲ್ಲದೆ ಹೊರಟುಹೋದಳು. ಅವಳು ಕಾಪಾಡಿದ್ದು ಕಮಲನನ್ನು, ನನ್ನನ್ನಲ್ಲ. ಅಷ್ಟು ನನಗೆ ಆಗಲೇ ತಿಳಿಯಿತು.

ಮಾರನೆಯ ದಿನವೇ ಹೋಗಿ ಮೇಸ್ತ್ರಿಗೆ ಹೇಳಿಬಿಡಬೇಕಿತ್ತು. ಕೊರಳಿಗೆ ತಾಳಿ ಬಿದ್ದಾಗಿತ್ತು, ಇನ್ನೇನು ಭಯ? ಆದರೆ ಮದುವೆಯಾದ ಹೊಸತು, ಅತ್ತೆಯ ಮನೆಯಲ್ಲಿ ಹುಡುಗಿಗೆ ಮಾತು ಬರುತ್ತದೆ ಎಂದುಕೊಂಡೆ. ಆಮೇಲೆ ಬಸುರಿ, ಆಮೇಲೆ ಬಾಣಂತಿ. ನೆಪಕ್ಕೇನು, ಒಂದು ಹರಿದರೆ ಇನ್ನೊಂದು ಹೊಲಿಯುತ್ತಿದ್ದೆ, ಕೈಯಲ್ಲಿ ಕಸುಬಿತ್ತಲ್ಲ. ಅಷ್ಟು ವರ್ಷ ಅದೇ ತೊಟ್ಟಿಯಲ್ಲಿ ಗವಸು ಅದ್ದಿದೆ. ಇನ್ನೊಂದು ತುದಿ ಹಿಡಿಯಲು ಬೇರೆ ಬೇರೆ ಹೆಂಗಸರು ಬಂದರು, ಹೋದರು. ಅವರಲ್ಲಿ ಒಬ್ಬರ ಜೊತೆಯೂ ನಾನು ಮಾತಾಡುತ್ತಾ ಹಿಂಡಿದವಳಲ್ಲ. ನನ್ನ ಅಂಗೈಯೂ ಬಿರಿಯಿತು. ಅದನ್ನು ನೋಡಿ, ಸರಿಹೋಯಿತು ಅಂದುಕೊಳ್ಳುವಷ್ಟು ಮೂರ್ಖಳಾಗಿದ್ದೆ. ಸರಿಹೋಗುವುದೇನು? ಆ ಬಿರುಕಿಗೆ ಸಂಬಳ ಬರುತ್ತಿತ್ತು.

ಒಂದು ದಿನ ದೊರೆಸ್ವಾಮಿ ಮೇಸ್ತ್ರಿ ಎದೆ ನೋವೆಂದು ಕೂತವನು ಏಳಲಿಲ್ಲ. ಹೇಳಬೇಕಾದ ಒಬ್ಬ ಮನುಷ್ಯನೂ ಹೋದ. ಇನ್‌ಸ್ಪೆಕ್ಟರು ಎಂದೋ ಬೇರೆ ಊರಿಗೆ ವರ್ಗವಾಗಿದ್ದರು. ಈಗೀಗ ಡಕೋಟಾಗಳನ್ನು ಒಂದೊಂದಾಗಿ ಮೂಲೆಗೆ ತಳ್ಳುತ್ತಿದ್ದಾರೆ. ಹೊಸ ವಿಮಾನಗಳ ಸೀಟಿಗೆ ಕುದುರೆ ಕೂದಲು ಬೇಡ, ರಬ್ಬರಿನ ಮೆತ್ತೆ. ಬಟ್ಟೆಯೂ ಹೊರದೇಶದಲ್ಲೇ ಸಿದ್ಧವಾಗಿ ಬರುತ್ತದೆ. ನಮ್ಮ ಶೆಡ್ಡಿಗೆ ಬೀಗ ಬಿತ್ತು. ಕಡೆಗೆ ಉಳಿದ ಸೀಟುಗಳನ್ನು ಗುಜರಿಗೆ ಹಾಕಿದರು. ಒಂದು ಜೋಡಿ ಸೀಟು ಹೆಬ್ಬಾಳದ ಕ್ಷೌರದ ಅಂಗಡಿಯಲ್ಲಿದೆ, ನೀಲಿ ಬಣ್ಣ ಮಾಸಿ ಬೂದಿಯಾಗಿದೆ. ಜನ ಅದರ ಮೇಲೆ ಕೂತು ಬೀಡಿ ಸೇದುತ್ತಾ ಸರದಿ ಕಾಯುತ್ತಾರೆ.

ಅದನ್ನು ನೋಡಿದ ದಿನ ನಾನು ಮನೆಗೆ ಹೋಗಲಿಲ್ಲ. ಕಾಲು ಕೆಂಪಾಪುರದ ಕಡೆ ನಡೆಯಿತು. ದಾರಿ ಕೇಳಿದಾಗ ಒಬ್ಬ ಆ ಹೆಸರಿನಿಂದಲೇ ಮನೆ ತೋರಿಸಿದ. ಅದು ಸುಳ್ಳು ಅಂತ ತಿದ್ದಲು ನನಗೆ ಬಾಯಿ ಬರಲಿಲ್ಲ.

ಮುನಿಯಮ್ಮ ಬಾವಿಯ ಹತ್ತಿರ ಕಂಬಳಿ ಒಗೆಯುತ್ತಿದ್ದಳು. ಗಂಡ ತೀರಿಕೊಂಡು ವರ್ಷವಾಗಿತ್ತು. ನನಗೆ ಅದೂ ಗೊತ್ತಿರಲಿಲ್ಲ. ನನ್ನನ್ನು ಕಂಡು ಅವಳಿಗೆ ಆಶ್ಚರ್ಯವೂ ಆಗಲಿಲ್ಲ, ಸಿಟ್ಟೂ ಬರಲಿಲ್ಲ. ಒದ್ದೆ ಕಂಬಳಿಯ ಒಂದು ತುದಿಯನ್ನು ನನ್ನ ಕಡೆ ಚಾಚಿ, ಹಿಡಿದುಕೋ ಎಂದು ಕಣ್ಣಲ್ಲೇ ಹೇಳಿದಳು. ಹಿಡಿದುಕೊಂಡೆ. ಅವಳು ಬಲಕ್ಕೆ, ನಾನು ಎಡಕ್ಕೆ. ಹಿಂಡುತ್ತಲೇ ಎಲ್ಲವನ್ನೂ ಹೇಳಿದೆ, ಚೀಲ, ಬೆಂಚು, ಅವ್ವನ ಅಂಟುವಾಳ, ಅರ್ಧ ಮುದ್ದೆ, ಎಲ್ಲ. ಅತ್ತುಬಿಟ್ಟೆ. ಅವಳು ತಿರುಚುವುದನ್ನು ನಿಲ್ಲಿಸಲಿಲ್ಲ. ಕಾಲ ಮೇಲೆ ನೀರು ಸುರಿಯುತ್ತಿತ್ತು. ನಾನು ಮುಗಿಸಿದ ಮೇಲೆ ಕೇಳಿದಳು:

“ಆವತ್ತು ಇಂಡಿದ್ದು ನೆನಪೈತಾ ನಿಂಗೆ?”

“ಇದೆ ಅಕ್ಕ.”

“ಅದ್ನ ನಂಗ್ಯಾಕೆ ಯೋಳ್ತೀಯಾ ಲಚ್ಮಿ? ಆ ತುದೀಲಿದ್ದೋಳು ನಾನೇ ಅಲ್ವಾ.”

ಅಷ್ಟೇ. ಕಂಬಳಿಯನ್ನು ನನ್ನ ಕೈಯಿಂದ ತೆಗೆದುಕೊಂಡು ಬೇಲಿಗೆ ಹರಡಿದಳು. ಕ್ಷಮಿಸಿದೆ ಅನ್ನಲಿಲ್ಲ, ಹೋಗು ಅಂತಲೂ ಅನ್ನಲಿಲ್ಲ. ಒಳಗೆ ಹೋಗಿ ಒಲೆ ಹೊತ್ತಿಸುವ ಸದ್ದು ಕೇಳಿತು. ನಾನು ಮನೆಯ ಕಡೆ ನಡೆದೆ.

ಹೌದು, ಅವಳಿಗೆ ಯಾಕೆ ಹೇಳಬೇಕು? ಅವಳಿಗೆ ಹೇಳಿ ನನ್ನ ಎದೆ ಹಗುರ ಮಾಡಿಕೊಳ್ಳಲು ಹೋಗಿದ್ದೆ, ಅಷ್ಟೇ. ಅವಳ ಹೆಸರು ಹಾಗೇ ಇದೆ. ಎಲ್ಲರ ಎದುರಿಗೆ ಹೇಳಿದ ಸುಳ್ಳನ್ನು ಬಾವಿಕಟ್ಟೆಯಲ್ಲಿ ಅವಳೊಬ್ಬಳ ಕಿವಿಗೆ ಹೇಳಿ ತಿದ್ದಲು ಆಗುವುದಿಲ್ಲ. ಆ ಶೆಡ್ಡಿಲ್ಲ, ಆ ಮೇಸ್ತ್ರಿಯಿಲ್ಲ, ಅಲ್ಲಿ ನಿಂತು ಕೇಳಿದ ಹೆಂಗಸರು ಎಲ್ಲೆಲ್ಲಿ ಚೆದುರಿದರೋ. ಅದಕ್ಕೇ ಇದನ್ನು ಬರೆದೆ. ಕಮಲನಿಗೆ ಮೊದಲು ಓದಿ ಹೇಳಿದೆ. ಅವಳು ಬಹಳ ಅತ್ತಳು. ಅತ್ತೆ ಇನ್ನೂ ಇದ್ದಾರೆ, ಇದನ್ನು ಅಚ್ಚಿಗೆ ಕೊಡಬೇಡ ಅಂತ ಬೇಡಿಕೊಂಡಳು. ಅವಳ ಭಯ ನಿಜ. ಇನ್ನೊಬ್ಬ ಹೆಂಗಸಿನ ಹೆಸರನ್ನು ನಿನ್ನ ಮದುವೆಗೆ ಎರವಲು ತಂದಿದ್ದೆ, ಇನ್ನೂ ವಾಪಸ್ಸು ಕೊಟ್ಟಿಲ್ಲ ಅಂದೆ. ಅವಳು ಮಗುವನ್ನೆತ್ತಿಕೊಂಡು ಒಳಗೆ ಹೋದಳು. ಆಮೇಲೆ ನಮ್ಮ ಮನೆಗೆ ಬಂದಿಲ್ಲ.

ಕೆಂಪಾಪುರದಲ್ಲಿ ಇದನ್ನು ಎಷ್ಟು ಜನ ಓದುತ್ತಾರೋ ಗೊತ್ತಿಲ್ಲ. ಓದಿದವರು ಓದದವರಿಗೆ ಹೇಳಿ. ಮೇಸ್ತ್ರಿ ಕೇಳಿದ್ದಕ್ಕೆ ನನ್ನ ಉತ್ತರ ಇದು. ಆ ನೀಲಿ ಗವಸನ್ನು ಮುನಿಯಮ್ಮ ಅದ್ದಿದ್ದಳು. ಆ ತುದಿಯಲ್ಲಿ ಅವಳು, ಈ ತುದಿಯಲ್ಲಿ ನಾನು, ಇಬ್ಬರೂ ಸೇರಿ ಹಿಂಡಿದೆವು. ನನಗೆ ಚೆನ್ನಾಗಿ ನೆನಪಿದೆ.